ಸೋಮವಾರ ಹೂಡದ ಕಾರು

ತವರಿನಿಂದ ಬಂದ ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂದು ಯಾವ ಹೆಣ್ಣುಮಗಳೂ ವಿಚಾರ ಮಾಡುವುದಿಲ್ಲ. ಬಂತೆಂದರೆ ಇಟ್ಟುಕೊಳ್ಳುವುದು, ತಿಕ್ಕಿ ತೊಳೆಯುವುದು, ಗಂಡನ ಮನೆಯಲ್ಲಿ ಯಾರಾದರೂ ಅದಕ್ಕೆ ಹೆಸರಿಟ್ಟರೆ ನಾಲ್ಕು ದಿನ ಮಾತು ಬಿಡುವುದು, ನಮಗೆ ಗೊತ್ತಿರುವುದು ಇಷ್ಟೇ. ನಮ್ಮ ಓಣಿಯಲ್ಲಿ ಒಬ್ಬಳಿಗೆ ತವರಿನಿಂದ ಎಮ್ಮೆ ಬಂದಿದೆ, ಒಬ್ಬಳಿಗೆ ತಾಮ್ರದ ಹಂಡೆ ಬಂದಿದೆ, ಇನ್ನೊಬ್ಬಳಿಗೆ ಲಗ್ನವಾಗದ ಚಿಕ್ಕಪ್ಪನೇ ಬಂದು ಕಟ್ಟೆಯ ಮೇಲೆ ಕಾಯಂ ಆಗಿ ಕೂತಿದ್ದಾನೆ. ನನಗೆ ಬಂದದ್ದು ಒಂದು ಮೋಟಾರು. ಕೆಂಪು ಬಣ್ಣದ್ದು, ಎರಡೇ ಸೀಟಿನದು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಕೂತಂತಿರುವುದು, ಪರದೇಶದವರು ಪಂದ್ಯದಲ್ಲಿ ಓಡಿಸಲೆಂದು ಮಾಡಿದ್ದು. ಅದು ನಮ್ಮ ದನದ ಮನೆಯಲ್ಲಿ, ಎರಡು ಎತ್ತುಗಳ ಬಾಜೂಕ್ಕೆ, ಇಪ್ಪತ್ತು ವರ್ಷಗಳಿಂದ ನಿಂತಿದೆ.

ಕಾರಿನ ಮಾತು ಮುಂದುವರಿಸುವ ಮೊದಲು ಇನ್ನೊಂದು ಸುದ್ದಿ ಹೇಳಿಬಿಡುತ್ತೇನೆ. ಹೇಳದಿದ್ದರೆ ಕೈ ಮುಂದೆ ಓಡುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೊದಲನೆಯವಳು. ಮೂಗು ನನ್ನದು, ಹಣೆ ನನ್ನದು, ಗದ್ದ ನನ್ನ ತಮ್ಮನದು. ಬೀಗರ ಕಡೆಯದು ಏನಾದರೂ ಇದ್ದರೆ ಅದು ಇನ್ನೂ ಕಾಣಿಸಿಕೊಂಡಿಲ್ಲ. ಅವಳು ಆಕಳಿಸುವುದನ್ನು ನೋಡಲು ನಾನು ಒಲೆಯ ಮೇಲಿನ ಹಾಲು ಬಿಟ್ಟು ಓಡುತ್ತೇನೆ. ಈ ತಿಂಗಳಲ್ಲಿ ನಮ್ಮ ಮನೆಯ ಹಾಲೆಲ್ಲ ಒಲೆಯೇ ಕುಡಿದಿದೆ. ಯಾರೂ ಬೈದಿಲ್ಲ, ಯಾಕೆಂದರೆ ನಮ್ಮ ಮನೆಯವರೂ ಆಕಳಿಕೆ ನೋಡಲು ನನ್ನ ಹಿಂದೆಯೇ ಬಂದಿರುತ್ತಾರೆ. ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಇಷ್ಟು ಉದ್ದ ಬರೆಯುತ್ತೇನೆಂದು ನನಗೂ ಗೊತ್ತಿರಲಿಲ್ಲ. ಮೊಮ್ಮಗಳು ಬರೆಸುತ್ತಿದ್ದಾಳೆ.

ಈಗ ಕಾರು. ನನ್ನ ತಮ್ಮ ಶಿವಪುತ್ರ ಅಳ್ನಾವರದಲ್ಲಿ ಕಟ್ಟಿಗೆಯ ವ್ಯಾಪಾರ ಮಾಡುತ್ತಾನೆ. ಆಗ ಅವನಿಗೆ ಹರೆಯ, ಗೋವಾದ ಕಡೆ ಸದಾ ಓಡಾಟ. ಅಲ್ಲಿ ಗಣಿಯ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಟು ಹೋಗುವಾಗ ಈ ಮೋಟಾರನ್ನು ಇವನ ಕೈಗೆ ಬಿಟ್ಟುಹೋದ. ಶಿವಪುತ್ರ ಅದನ್ನು ಹೊಡೆದುಕೊಂಡು ನೇರ ನಮ್ಮೂರಿಗೆ ಬಂದ. ನಮ್ಮೂರು ಕಲಘಟಗಿ ತಾಲೂಕಿನಲ್ಲಿ, ದುಮ್ಮವಾಡದಿಂದ ಒಳಗೆ. "ಅಕ್ಕಾ, ನಮ್ಮಲ್ಲಿ ಮಳಿಗಿ ನಿಲ್ಲಸಾಕ ಜಾಗಾ ಇಲ್ಲ ಬೇ. ಎಂಟ ದಿನ ಇಲ್ಲಿರಲಿ, ಆಮ್ಯಾಲ ಒಯ್ತೇನಿ" ಅಂದ. ಅಷ್ಟರಲ್ಲಿ ಅವನ ಲಗ್ನ ಗೊತ್ತಾಯಿತು. ತವರಿಗೆ ಬಂದ ಸೊಸೆ ಜಾಣೆ. "ಎರಡ ಸೀಟಿನ ಗಾಡಿಯಾಗ ನಾವಿಬ್ರೂ ಕೂತ್ರ, ಮುಂದ ಹುಟ್ಟೋವು ಎಲ್ಲಿ ಕೂಡಬೇಕು?" ಎಂದು ಕೇಳಿದಳಂತೆ. ಮುಂದೆ ಹುಟ್ಟುವವು ಹುಟ್ಟಿದವು, ಕಾರು ನಮ್ಮಲ್ಲೇ ಉಳಿಯಿತು. ಅದು ಬಂದ ವರ್ಷವೇ ನನ್ನ ಮಗಳು ಶೈಲಾ ಹುಟ್ಟಿದ್ದು. ಇಬ್ಬರನ್ನೂ ಕೂಡಿಯೇ ಬೆಳೆಸಿದೆ. ಒಬ್ಬಳು ಲಗ್ನವಾಗಿ ನವಲಗುಂದಕ್ಕೆ ಹೋದಳು. ಇನ್ನೊಂದಕ್ಕೆ ಹಾಗೆ ಹೋಗುವ ಯೋಗ ಬರಲಿಲ್ಲ.

ಕಾರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದನ ಸಾಕುವುದು ಗೊತ್ತಿತ್ತು, ಹಾಗೆಯೇ ಸಾಕಿದೆ. ಅಂಟವಾಳಕಾಯಿ ಕುದಿಸಿ, ನೊರೆ ಮಾಡಿ, ತೆಂಗಿನ ನಾರಿನಿಂದ ಮೈ ತಿಕ್ಕಿದೆ. ಮುಂದೆ ಹೊಳೆಯುವ ಪಟ್ಟಿ ಇರುತ್ತದಲ್ಲ, ಅದಕ್ಕೆ ಹುಣಸೆಹಣ್ಣು ಹಚ್ಚಿದೆ. ವರ್ಷಕ್ಕೊಮ್ಮೆ ಅಳ್ನಾವರದಿಂದ ಬರುವ ಮಿಸ್ತ್ರಿ ಹುಸೇನಸಾಬ ಇದನ್ನು ನೋಡಿ ಹಣೆ ಹಣೆ ಬಡಿದುಕೊಂಡ. "ಯವ್ವಾ, ಇದು ತಂಬಿಗಿ ಅಲ್ರಿ" ಅಂದ. "ತಂಬಿಗಿಕಿಂತ ಚಲೋ ಹೊಳೀತೈತಿ ನೋಡಪಾ" ಎಂದೆ ನಾನು. ಹೊಳೆಯುತ್ತಿದ್ದದ್ದು ಖರೆ.

ಸೀಟು ಚರ್ಮದ್ದು. ಚರ್ಮವೆಂದ ಮೇಲೆ ಚಪ್ಪಲಿಗೆ ಹಚ್ಚುವ ಹಾಗೆ ಔಡಲ ಎಣ್ಣೆ ಹಚ್ಚಬೇಕು ಎಂದು ಧಾರಾಳವಾಗಿ ಹಚ್ಚಿದೆ. ಆ ವರ್ಷ ಮಹಾನವಮಿಯ ದಿನ ನಮ್ಮ ಮನೆಯವರು ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ವಿಭೂತಿ ಬಳಿದ ಕಾರಿನಲ್ಲಿ ಕೂತು, ಹನುಮಪ್ಪನ ಗುಡಿಯವರೆಗೆ ಹೋಗಿ ಬಂದರು. ಇಳಿಯುವಾಗ ಧೋತರ ಇಳಿಯಲು ಒಪ್ಪಲಿಲ್ಲ. ಊರ ಹಿರಿಯರು ನಾಲ್ಕು ಮಂದಿ ಕಟ್ಟೆಯ ಮೇಲಿದ್ದರು. ಇದಕ್ಕಿಂತ ಹೆಚ್ಚು ಬರೆಯುವುದು ಹೆಂಡತಿಯಾದವಳಿಗೆ ಸರಿಯಲ್ಲ.

ಕಾರು ಬಂದ ಎರಡೇ ಮಳೆಗಾಲದಲ್ಲಿ ಅದರ ಮೇಲಿನ ಅರಿವೆಯ ಚಾವಣಿ ಕೊಳೆತಿತ್ತು. ಉಳಿದದ್ದನ್ನು ಇಲಿಗಳು ಮುಗಿಸಿದವು. ನಾನು ಹಳೆಯ ಇಳಕಲ್ಲ ಸೀರೆಗಳನ್ನು ಒಟ್ಟು ಮಾಡಿ, ಹದಕ್ಕೆ ಕತ್ತರಿಸಿ, ಒಂದು ಕೌದಿ ಹೊಲಿದು, ನಾಲ್ಕೂ ಕಡೆ ಕಸೆ ಇಟ್ಟು ಚಾವಣಿಯಾಗಿ ಕಟ್ಟಿದೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ಒಮ್ಮೆ ಹುಬ್ಬಳ್ಳಿಯಿಂದ ಹಳೆಯ ಮೋಟಾರು ನೋಡುವ ಹುಚ್ಚಿನವರೊಬ್ಬರು ಬಂದಿದ್ದರು. ಕೌದಿಯ ಅಂಚನ್ನು ಎರಡು ಬೆರಳಿನಿಂದ ಎತ್ತಿ ನೋಡಿ ಹಾಗೆಯೇ ಬಿಟ್ಟರು. ಆಮೇಲೆ ಒಳಗೆ ಬಗ್ಗಿ ಮೀಟರು ನೋಡಿದರು. ಎದ್ದವರೇ ನನ್ನ ಕಾಲಿಗೆ ಬೀಳುವುದೊಂದು ಬಾಕಿ. "ತಾಯೀ, ಇಷ್ಟು ಕಡಿಮಿ ಓಡಿದ ಗಾಡಿ ಎಲ್ಲೂ ನೋಡಿಲ್ರಿ" ಅಂದರು. ಇಪ್ಪತ್ತು ವರ್ಷ ನಿಂತಲ್ಲೇ ನಿಂತು ಗಳೆ ಹೊಡೆಯದ, ಹೊಲ ಉಳದ ಎತ್ತಿಗೆ ನಮ್ಮಲ್ಲಿ ಬೇರೆ ಹೆಸರಿದೆ. ಮೋಟಾರಿಗೆ ಮಾತ್ರ ಅದು ದೊಡ್ಡ ಗುಣವಂತೆ. ಅವರು ಹೋದ ಮೇಲೆ ನಮ್ಮ ಮನೆಯವರು, "ಹಂಗಾರ ನಾಳಿಂದ ನಾನೂ ಕಡಿಮಿ ಓಡತೇನಿ" ಎಂದು ಹೇಳಿ ಮಲಗಿದರು.

ಅದು ಓಡದಿರಲು ಕಾರಣ ನಾನೇ. ತಿಂಗಳಿಗೊಮ್ಮೆ ಹುಣ್ಣಿಮೆಗೆ ಅದನ್ನು ಹೊರಗೆ ತೆಗೆಯುವುದು. ಇವರು ಮುಂದೆ ನಿಂತು, ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವುತ್ತಾರೆ. ಅದು ಕೆಮ್ಮಿ, ಸೀನಿ, ಸೀಟಿನಲ್ಲಿ ಕಾವು ಕೂತ ಕೋಳಿಯನ್ನು ಹಾರಿಸಿ ಶುರುವಾಗುತ್ತದೆ. ಗುಡಿಗೆ ಹೋಗಿ ಬಂದರೆ ತಿಂಗಳ ಕೆಲಸ ಮುಗಿಯಿತು. ಹುಣ್ಣಿಮೆ ಸೋಮವಾರ ಬಂದರೆ ಅದೂ ಇಲ್ಲ. ಸೋಮವಾರ ಬಸವಣ್ಣನ ವಾರ. ನಮ್ಮಲ್ಲಿ ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಹಳ್ಳಕ್ಕೆ ಒಯ್ದು ಮೈ ತೊಳೆಯುತ್ತೇವೆ, ಮೇಯಲು ಬಿಡುತ್ತೇವೆ, ಅಷ್ಟೇ. ಕಾರು ಎತ್ತುಗಳ ಬಾಜೂಕ್ಕೇ ನಿಂತಿದೆ, ಅದೇ ಸೂರು, ಅದೇ ಸಗಣಿಯ ವಾಸನೆ. ಅದಕ್ಕೆ ಮಾತ್ರ ರಜೆ ಇಲ್ಲವೆಂದರೆ ನ್ಯಾಯವೇ? ಮೊದಲ ವರ್ಷವೇ ಕಾಯ್ದೆ ಮಾಡಿದೆ. ಸೋಮವಾರ ಕಾರು ಹೂಡುವಂತಿಲ್ಲ.

"ಟ್ರ್ಯಾಕ್ಟರ್ ಸೋಮಾರ ಹೊಡೀಬಹುದು, ಕಾರ್ ಯಾಕ ಹೊಡೀಬಾರದಲೇ?" ಎಂದು ಇವರು ಕೇಳಿದ್ದುಂಟು.

"ಟ್ರ್ಯಾಕ್ಟರ್ ಹುಬ್ಬಳ್ಳಿಯಿಂದ ಬಂದದ್ದ್ರಿ. ಕಾರ್ ತವರಮನಿಯಿಂದ ಬಂದದ್ದು" ಎಂದೆ. ಹೋದ ವರ್ಷ ತಂಬೂರದಲ್ಲಿ ಇವರ ಗೆಳೆಯನ ಮಗನ ಲಗ್ನವಾಯಿತು, ಸೋಮವಾರ. ರೇಷ್ಮೆ ರುಮಾಲು ಸುತ್ತಿಕೊಂಡು ಕಾರಿನಲ್ಲಿ ಹೋಗಿ ಇಳಿಯಬೇಕೆಂದು ಇವರಿಗೆ ಬಹಳ ಆಸೆಯಿತ್ತು. ನಾನು ದನದ ಮನೆಯ ಬಾಗಿಲಿಗೆ ಅಡ್ಡ ನಿಂತೆ. ಇವರು ಬಸ್ಸಿನಲ್ಲಿ ಹೋದರು. ಕೂಡಲು ಜಾಗ ಸಿಗಲಿಲ್ಲವಂತೆ, ರುಮಾಲು ಬಸ್ಸಿನ ಚಾವಣಿಗೆ ತಾಗಿ ತಾಗಿ ಬಿಚ್ಚಿಹೋಯಿತಂತೆ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡರು.

ಶೈಲಾಗೆ ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯ ಮಾಡಿ ತವರಿಗೆ ಕರೆತಂದೆವು. ಆ ದಿನ ನವಲಗುಂದದ ಬೀಗರೆಲ್ಲ ಊಟಕ್ಕೆ ಕೂತಾಗ ನನಗೆ ಸಂತೋಷ ತಡೆಯಲಾಗದೆ, "ನನ್ನ ಮೊಮ್ಮಗ ಆಗಲಿ ಮೊಮ್ಮಗಳಾಗಲಿ, ದವಾಖಾನಿಯಿಂದ ಮನಿಗೆ ನನ್ನ ತವರಮನಿ ಕಾರಿನಾಗನ ಬರಬೇಕು" ಎಂದುಬಿಟ್ಟೆ. ಶೈಲಾಳ ಅತ್ತೆ ನೀಲವ್ವ ಹೋಳಿಗೆ ಮುರಿಯುತ್ತ, "ಅಕ್ಕಾರ, ಆ ಕಾರು ಗುಡಿ ದಾಟಿ ಹೋದದ್ದ ಯಾರರ ನೋಡ್ಯಾರೇನ್ರಿ?" ಅಂದರು. ಎಲ್ಲರೂ ನಕ್ಕರು. ನಮ್ಮ ಮನೆಯವರೂ ನಕ್ಕರು. ಅಂದಿನಿಂದ ಅದು ಬರೀ ಕಾರಿನ ಮಾತಾಗಿ ಉಳಿಯಲಿಲ್ಲ, ನನ್ನ ತವರಿನ ಮರ್ಯಾದೆಯ ಮಾತಾಯಿತು.

ಎರಡು ತಿಂಗಳು ನಾನು ಬಾಣಂತನಕ್ಕೂ ಕಾರಿಗೂ ಕೂಡಿಯೇ ತಯಾರಿ ನಡೆಸಿದೆ. ಔಡಲ ಎಣ್ಣೆ ಮನೆಯಲ್ಲೇ ಕಾಯಿಸಿ ತೆಗೆದೆ, ಅರ್ಧ ಕೂಸಿನ ನೆತ್ತಿಗೆ, ಅರ್ಧ ಕಾರಿನ ಬಾಗಿಲಿನ ಕೀಲಿಗೆ. ಸೀಟಿಗೆ ಈ ಸಲ ಹಚ್ಚಲಿಲ್ಲ. ಹುಸೇನಸಾಬ ಬಂದು ಒಳಗಿನ ಹೊಟ್ಟೆ ಕರುಳನ್ನೆಲ್ಲ ತೊಳೆದು ಹೋದ. "ಕಲಘಟಗಿ ಮುಟ್ಟತೈತೇನಪಾ?" ಎಂದು ಕೇಳಿದೆ. "ಮುಟ್ಟತೈತ್ರಿ ಯವ್ವಾ. ಹೊಳ್ಳಿ ಬರೂದು ಅದರ ಮನಸಿಗೆ ಬಿಟ್ಟದ್ದು" ಅಂದ.

ಕಲಘಟಗಿಯ ದವಾಖಾನೆಯಲ್ಲಿ ಕೂಸು ಹುಟ್ಟಿತು. ಹುಟ್ಟಿದ ಕೂಡಲೇ ನನ್ನ ಬೆರಳು ಹಿಡಿಯಿತು. ನೀಲವ್ವ, ಎಲ್ಲ ಕೂಸುಗಳೂ ಹಿಡಿಯುತ್ತವೆ ಎಂದರು. ಹಿಡಿಯಬಹುದು, ಹೀಗೆ ಹಿಡಿಯುವುದಿಲ್ಲ. ರವಿವಾರ ಲೇಡಿ ಡಾಕ್ಟರು ನೋಡಿ, ತಾಯಿ ಕೂಸು ಇಬ್ಬರೂ ಆರಾಮ ಇದ್ದಾರೆ, ನಾಳೆ ಮನೆಗೆ ಕರೆದುಕೊಂಡು ಹೋಗಿ ಅಂದರು. ನಾಳೆ ಸೋಮವಾರ.

"ಮಂಗಳವಾರ ಒಯ್ದರ ನಡೀತೈತೇನ್ರಿ ಬಾಯಾರ?" ಎಂದು ಕೇಳಿದೆ.

"ಯಾಕವ್ವಾ, ನಾಳೆ ಏನಾಗಿದೆ?"

"ನಾಳೆ ನಮ್ಮ ಕಾರಿಗೆ ಸೂಟಿ ಐತ್ರಿ."

ಡಾಕ್ಟರು ನನ್ನನ್ನು ನೋಡಿದರು, ನರ್ಸಮ್ಮನನ್ನು ನೋಡಿದರು, ಬೇರೆ ಬಾಣಂತಿಯರಿಗೆ ಮಂಚ ಬೇಕು ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ನೀಲವ್ವ ಕಿಡಕಿಯ ಹೊರಗೆ ನೋಡುತ್ತಿದ್ದರು. ಅವರ ಹೆಗಲು ಅಲುಗಾಡುತ್ತಿತ್ತು.

ಮಗಳ ಹತ್ತಿರ ನೀಲವ್ವನನ್ನು ಬಿಟ್ಟು ನಾನು ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಇವರು ದನದ ಮನೆಯಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದರು. ನಾಳೆ ಕೂಸನ್ನು ಕರೆತರಬೇಕಂತೆ, ಕಾರು ತೆಗೆಯಿರಿ ಎಂದೆ. ಇವರು ಮೇವು ಹಾಕುವುದನ್ನು ನಿಲ್ಲಿಸಲಿಲ್ಲ.

"ನಾಳೆ ಯಾವ ವಾರ?"

"ಸೋಮವಾರ್ರಿ."

"ಹಂ" ಅಂದರು. ಎತ್ತಿನ ಕೊರಳ ಗಂಟೆ ಸರಿ ಮಾಡಿದರು. "ಪಾಪ, ವಾರಕ್ಕೊಂದ ದಿನ ಸೂಟಿ ಅದಕ್ಕ."

"ಅಲ್ರಿ, ಹೂಡಬಾರದು ಅನ್ನೂದು ಕೆಲಸಕ್ಕ. ಮೊಮ್ಮಗಳನ್ನ ಕರಕೊಂಡ ಬರೂದು ಕೆಲಸ ಏನ್ರಿ? ಅದು ಸಂತೋಷ."

"ತಂಬೂರ ಲಗ್ನಕ್ಕ ನಾ ಏನು ಗಳೇ ಹೊಡ್ಯಾಕ ಹೊಂಟಿದ್ನೇನಲೇ? ಅದೂ ಸಂತೋಷನ ಆಗಿತ್ತು."

"ಅದು ನಿಮ್ಮ ಸಂತೋಷ ಆಗಿತ್ತು" ಎಂದೆ.

ಇವರು ಉಳಿದ ಮೇವನ್ನು ಎತ್ತುಗಳ ಮುಂದೆ ಚೆಲ್ಲಿದರು. ಆಮೇಲೆ ನಕ್ಕುಬಿಟ್ಟರು. ಮೊಮ್ಮಗಳು ಅವರಿಗೂ ಮೊಮ್ಮಗಳೇ.

ಸೋಮವಾರ ಬೆಳಿಗ್ಗೆ ನಾನು ಕಾರಿಗೆ ಅರಿಷಿಣ ಕುಂಕುಮ ಹಚ್ಚಿ, ಮುಂದೆ ನಿಂತು, ಇದೊಂದು ಸಲ ಎಂದು ಕೈ ಮುಗಿದೆ. ಇವರು ಅಂಗಿ ಬಿಚ್ಚಿಟ್ಟು ಹ್ಯಾಂಡಲ್ ತಿರುವಿದರು, ಕುಂತು ದಣಿವಾರಿಸಿಕೊಂಡರು, ಮತ್ತೆ ತಿರುವಿದರು. ಕೊನೆಗೆ ಅದು ಒಲ್ಲದ ಮನಸ್ಸಿನಿಂದ ಗುಡುಗಿತು. ನಾನು ಹತ್ತಿ ಕೂತೆ. ಗುಡಿ ದಾಟಿದೆವು. ಹಳ್ಳದಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದ ಊರ ಎತ್ತುಗಳೆಲ್ಲ ಕತ್ತು ಎತ್ತಿ ನಮ್ಮನ್ನು ನೋಡಿದವು. ನಾನು ಆ ಕಡೆ ನೋಡಲಿಲ್ಲ. ದುಮ್ಮವಾಡ ದಾಟಿ ಡಾಂಬರು ರಸ್ತೆ ಸಿಕ್ಕಿದ ಮೇಲೆ ಕಾರಿಗೆ ತನ್ನ ಹುಟ್ಟಿದ ದೇಶ ನೆನಪಾಯಿತೋ ಏನೋ, ಅಗದೀ ಜೋರು ಹೊಡೆಯಿತು. ಸೆರಗು ಹಾರಿತು, ಕಣ್ಣಲ್ಲಿ ನೀರು ಬಂತು. ಇಪ್ಪತ್ತು ವರ್ಷ ಸಾಕಿದ್ದಕ್ಕೆ ಅದು ನನಗೆ ಕೊಟ್ಟ ಸುಖ ಅದೊಂದೇ. ಕಡಿಮೆಯಾಯಿತೆಂದು ಹೇಳಲಾರೆ. "ಸಾವಕಾಶ್ರೀ!" ಎಂದು ಒದರಿದೆ. ಇವರಿಗೆ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಚಲೋ ಆಯಿತು.

ದವಾಖಾನೆಯ ಬಾಗಿಲಲ್ಲಿ ಕಾರು ನಿಂತಾಗ ನರ್ಸಮ್ಮಂದಿರೆಲ್ಲ ಹೊರಗೆ ಬಂದರು. ನೀಲವ್ವನೂ ಬಂದರು. ಅವರ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಶೈಲಾ ಕೂಸನ್ನು ಎತ್ತಿಕೊಂಡು, ಕಿವಿಗೆ ಅರಿವೆ ಸುತ್ತಿಕೊಂಡು, ಸಾವಕಾಶ ನಡೆದು ಬಂದು ಕಾರಿನಲ್ಲಿ ಕೂತಳು. ಆ ಕಡೆ ಇವರು ಕೂತರು. ನಾನು ಬಾಗಿಲು ಹಿಡಿದು ನಿಂತೆ.

"ಯವ್ವಾ, ನೀ ಎಲ್ಲಿ ಕುಂಡ್ರತಿ ಬೇ?" ಎಂದಳು ಶೈಲಾ.

ಎರಡೇ ಸೀಟು ಎಂದು ಈ ಬರಹದ ಮೊದಲಿಗೆ ನಾನೇ ಬರೆದಿದ್ದೇನೆ. ಆ ಸೀಟುಗಳನ್ನು ಇಪ್ಪತ್ತು ವರ್ಷ ಒರೆಸಿದವಳೂ ನಾನೇ, ಕೋಳಿ ಇಟ್ಟ ತತ್ತಿ ಎಣಿಸಿದವಳೂ ನಾನೇ. ಸೀಟು ಎಣಿಸುವುದೊಂದು ಉಳಿದಿತ್ತು. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಊರೊಳಗೆ ಬರುವವಳು ನಾನು ಎಂದು ಎರಡು ತಿಂಗಳು ಮನಸ್ಸಿನಲ್ಲಿ ನೋಡಿದ್ದೆ. ಆ ನೋಟದಲ್ಲಿ ಶೈಲಾ ಎಲ್ಲಿ ಕೂತಿದ್ದಳೋ ನನಗೆ ನೆನಪಿಲ್ಲ.

"ನಾ ಬಸ್ಸಿಗೆ ಬರ್ತೇನಿ ಹೋಗ್ರಿ" ಎಂದೆ. ನೀಲವ್ವ ನನ್ನ ಬಾಜೂಕ್ಕೆ ಬಂದು ನಿಂತು, "ಬರ್ರಿ ಅಕ್ಕಾರ, ಇಬ್ರೂ ಕೂಡೇ ಹೋಗೂಣು. ಬಸ್ಸಿನಾಗ ಭಾಳ ಸೀಟು ಇರತಾವು" ಅಂದರು.

ಕಾರು ಧೂಳೆಬ್ಬಿಸಿ ಹೋಯಿತು. ಬಸ್ಸು ಅರ್ಧ ತಾಸಿನ ಮೇಲೆ ಬಂತು. ಕಿಡಕಿಗಳಿಗೆ ಗಾಜಿರಲಿಲ್ಲ, ಚಳಿಗಾಳಿ ನೇರ ಮುಖಕ್ಕೇ ಹೊಡೆಯುತ್ತಿತ್ತು. ಈಗ ಮನೆ ಮುಟ್ಟಿರಬೇಕು, ಆರತಿ ಯಾರು ಎತ್ತುತ್ತಾರೋ ಎಂದು ನಾನು ಚಿಂತೆ ಮಾಡುತ್ತಿದ್ದೆ. ದುಮ್ಮವಾಡ ಹತ್ತಿರ ಬರುವ ಮೊದಲೇ ರಸ್ತೆಯ ಬದಿಯಲ್ಲಿ ಕೆಂಪಗೆ ಏನೋ ಕಂಡಿತು. ಹತ್ತಿರ ಬಂದಾಗ ಕೌದಿ ಕಂಡಿತು. ಆಮೇಲೆ ಇವರು ಕಂಡರು, ಮೈಯೆಲ್ಲ ಬೆವರು, ಕೈಯಲ್ಲಿ ಹ್ಯಾಂಡಲ್.

ನಾನು ಒದರಿ ಬಸ್ಸು ನಿಲ್ಲಿಸಿದೆ. ಮಂದಿಯೆಲ್ಲ ಇಳಿದು ಒಂದಿಷ್ಟು ದೂರ ಕಾರು ನೂಕಿದರು. ಅದು ನೂಕಿಸಿಕೊಂಡಿತು, ಅಷ್ಟೇ. ಕಂಡಕ್ಟರು ಅವಸರ ಮಾಡಿದ. ತಾಯಿ ಕೂಸನ್ನು ಬಸ್ಸಿಗೆ ಹತ್ತಿಸುವುದೊಂದೇ ದಾರಿ ಉಳಿಯಿತು. ಆದರೆ ಆ ಗಾಳಿಯಲ್ಲಿ ಹಸಿಗೂಸನ್ನು ಹೇಗೆ ಒಯ್ಯುವುದು? ನಾನು ಕಾರಿನ ಕಸೆ ಬಿಚ್ಚಿದೆ. ನಾಲ್ಕೂ ಕಡೆ ಬಿಚ್ಚಿ, ಚಾವಣಿ ಇಳಿಸಿ, ಝಾಡಿಸಿ, ತಾಯಿ ಕೂಸು ಇಬ್ಬರಿಗೂ ಸೇರಿಸಿ ಸುತ್ತಿದೆ. ಕೂಸು ಒಳಗಿನಿಂದ ಒಮ್ಮೆ ಆಕಳಿಸಿತು. ನನ್ನ ಸೀಟಿನಲ್ಲಿ ಶೈಲಾ ಕೂತಳು. ಟ್ರ್ಯಾಕ್ಟರ್ ತರಲು ಇವರೂ ಅದೇ ಬಸ್ಸು ಹತ್ತಿದರು. ಕಾರಿನ ಹತ್ತಿರ ಒಬ್ಬರು ಇರಲೇಬೇಕಲ್ಲ, ನಾನು ಉಳಿದೆ.

ಚಾವಣಿಯಿಲ್ಲದ ಕಾರಿನಲ್ಲಿ, ಸೆರಗನ್ನು ತಲೆಗೆ ಬಿಗಿದುಕೊಂಡು ಒಬ್ಬಳೇ ಕೂತೆ. ಒಬ್ಬ ಒಕ್ಕಲಿಗ ಎರಡು ಭರ್ಜರಿ ಎತ್ತುಗಳನ್ನು ಮೇಯಿಸಿಕೊಂಡು ಬಂದ. "ಯಪ್ಪಾ, ಈ ಎತ್ತು ಕಟ್ಟಿ ಗಾಡಿ ಊರಿಗೆ ಒಂಚೂರು ಎಳಿಸಿ ಕೊಡ್ತಿಯೇನು?" ಎಂದು ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಎಂಥಾ ಹಿರೇ ಮನಷ್ಯಾಳದಿ ಯವ್ವಾ ನೀನು. ಇವತ್ತ ಸೋಮಾರ ಅಲ್ಲೇನು?" ಅಂದ.

ಟ್ರ್ಯಾಕ್ಟರ್ ಬಂದು, ಹಗ್ಗ ಕಟ್ಟಿ, ನಮ್ಮನ್ನು ಎಳೆದುಕೊಂಡು ಮನೆ ಮುಟ್ಟಿಸುವಾಗ ದೀಪ ಹಚ್ಚುವ ಹೊತ್ತಾಗಿತ್ತು. ನನ್ನ ಮನೆಯ ಬಾಗಿಲಲ್ಲಿ, ನನ್ನ ಆರತಿ ತಟ್ಟೆ ಹಿಡಿದು, ನನ್ನ ಮೊಮ್ಮಗಳನ್ನು ನೀಲವ್ವ ಒಳಗೆ ಕರೆದುಕೊಂಡಿದ್ದರು. ಕೂಸು ಕೌದಿಯಲ್ಲೇ ನಿದ್ದೆ ಹೋಗಿತ್ತು. ನಾನು ಬಗ್ಗಿ ನೋಡಿದೆ, ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ನೋಡ್ರಿ, ಕೂಸು ನನ್ನ ತವರಮನಿ ಕಾರಿನ ಚಾವಣಿ ಕೆಳಗನ ಬಂತು" ಎಂದೆ.

"ಹೌದ್ರಿ ಅಕ್ಕಾರ" ಅಂದರು ನೀಲವ್ವ. "ಕಾರಿನಾಗ ಕೂಸು ಬರತೈತಿ ಅಂದಿದ್ರಿ. ಕೂಸಿನ ಮ್ಯಾಲ ಕಾರು ಬಂತು." ಈ ಸಲ ನಾನೂ ನಕ್ಕೆ.

ಮಂಗಳವಾರ ಬೆಳಿಗ್ಗೆ ನಾನು ದನದ ಮನೆಯಲ್ಲಿ ಸಗಣಿ ಬಾಚುತ್ತಿದ್ದೆ. ಇವರು ಬಂದು ಸುಮ್ಮನೆ, ಏನೂ ವಿಚಾರವಿಲ್ಲದೆ, ಹ್ಯಾಂಡಲಿಗೆ ಕೈ ಹಾಕಿ ಒಂದು ಸುತ್ತು ತಿರುವಿದರು. ಕಾರು ಒಂದೇ ಸುತ್ತಿಗೆ ಶುರುವಾಯಿತು. ಕೆಮ್ಮಲಿಲ್ಲ, ಸೀನಲಿಲ್ಲ.

"ಕೆಟ್ಟಿದ್ದಿಲ್ಲ ನೋಡು ಇದು" ಅಂದರು.

"ಮತ್ತ ನಿನ್ನೆ ಏನಾಗಿತ್ರಿ?"

"ಸೋಮಾರ ಆಗಿತ್ತು."

ಇಪ್ಪತ್ತು ವರ್ಷ ನಾನು ಅದಕ್ಕೆ ಕಲಿಸಿದ್ದು ಒಂದೇ ಪಾಠ. ಅದು ಕಲಿತಿತ್ತು. ಕಲಿಸಿದವಳೇ ಒಂದು ಸಂಜೆಯಲ್ಲಿ ಮರೆತುಬಿಟ್ಟಿದ್ದಳು. ಇನ್ನು ಮೊಮ್ಮಗಳಿಗೆ ಏನು ಹೇಳಿಕೊಡುವುದಿದ್ದರೂ ಸ್ವಲ್ಪ ಹಿಂದೆ ಮುಂದೆ ನೋಡಿ ಹೇಳಿಕೊಡಬೇಕೆಂದು ಮಾಡಿದ್ದೇನೆ. ಅವಳ ಮೂಗು ನನ್ನದು, ಗದ್ದ ನನ್ನ ತಮ್ಮನದು. ನಮ್ಮ ಕಡೆಯವರು ಒಂದು ಸಲ ಕಲಿತರೆ, ಕಲಿಸಿದವರು ಬಂದು ಕೈ ಮುಗಿದರೂ ಬಿಡುವುದಿಲ್ಲ.